ಕ್ರೂಸ್ ಹಡಗಿಗೆ ಹೊರಟಿದ್ದೀರಾ? ಮೈಸೂರು-ಮಂಡ್ಯದವರಿಗೆ ಊಟ, ಬಟ್ಟೆ ಮತ್ತು ಒಂದಿಷ್ಟು ಉಪಾಯ

ಸಿಂಗಪುರದಿಂದ ಮೂರು ರಾತ್ರಿ, ಮುಂಬೈಯಿಂದ ಎರಡು ರಾತ್ರಿ, ಮಗಳು ಅಮೆರಿಕದಲ್ಲಿದ್ದರೆ ಅಲಾಸ್ಕಾ ಕಡೆಗೆ ಏಳು ರಾತ್ರಿ. ಮೈಸೂರಿನ ಕುವೆಂಪುನಗರದಿಂದ ಹಿಡಿದು ಮಂಡ್ಯದ ವಿದ್ಯಾನಗರದವರೆಗೆ ಈಗ ಕ್ರೂಸ್‌ಗೆ, ಅಂದರೆ ಹಡಗಿನಲ್ಲೇ ಉಂಡು ಮಲಗಿ ಊರು ಸುತ್ತುವ ಪ್ರವಾಸಕ್ಕೆ, ಹೋಗಿಬಂದವರು ಅಲ್ಲಲ್ಲಿ ಸಿಗುತ್ತಾರೆ. ಟಿಕೆಟ್ ಬುಕ್ ಆದ ಮೇಲೆ ಶುರುವಾಗುವ ಗಾಬರಿ ಮಾತ್ರ ಎಲ್ಲರದ್ದೂ ಒಂದೇ. ಕೋಟು ಹಾಕಲೇಬೇಕಂತೆ ಹೌದಾ? ಅನ್ನ ಸಿಗುತ್ತಾ? ಚಾಕು-ಫೋರ್ಕ್ ಹಿಡಿಯೋಕೆ ಬರಲ್ಲ, ಏನು ಮಾಡೋದು?

ನೇರವಾಗಿ ಹೇಳಿಬಿಡುತ್ತೇನೆ. ಫೋರ್ಕು, ಕೋಟು ಇವೆರಡೂ ನಿಮ್ಮನ್ನು ಕಾಡುವುದಿಲ್ಲ. ಕಾಡುವುದು ಬೇರೆ. ವೀಸಾ, ಇಸ್ತ್ರಿ ಪೆಟ್ಟಿಗೆ, ಫೋನ್ ಬಿಲ್, ಬಾತ್‌ರೂಮಿನಲ್ಲಿ ಇಲ್ಲದ ಚೊಂಬು. ಜನ ಮೊದಲನೆಯದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಎರಡನೆಯದನ್ನು ಯಾರೂ ಕೇಳುವುದೇ ಇಲ್ಲ. ಇಲ್ಲಿ ಎರಡನ್ನೂ ಬರೆದಿದ್ದೇನೆ.

ಹೊರಡುವ ಮೊದಲು

ವೀಸಾ ಮೊದಲು ನೋಡಿ. ಸಿಂಗಪುರದಿಂದ ಹೊರಟು ಮಲೇಷ್ಯಾ ಅಥವಾ ಥಾಯ್ಲೆಂಡ್ ಮುಟ್ಟಿ ಮತ್ತೆ ಸಿಂಗಪುರಕ್ಕೇ ಬರುವ ಹಡಗಾದರೆ ನೀವು ಸಿಂಗಪುರಕ್ಕೆ ಎರಡು ಸಲ ಕಾಲಿಟ್ಟ ಹಾಗೆ. ಹಾಗಾಗಿ ಮಲ್ಟಿಪಲ್ ಎಂಟ್ರಿ ವೀಸಾ ಬೇಕು. ಏಜೆಂಟ್ ಎಲ್ಲಾ ನೋಡಿಕೊಳ್ಳುತ್ತಾನೆ ಅಂತ ಸುಮ್ನೆ ಕೂರಬೇಡಿ, ವೀಸಾ ಕೈಗೆ ಬಂದ ಕೂಡಲೇ ಆ ಪದ ಇದೆಯಾ ಅಂತ ನೀವೇ ಓದಿ ನೋಡಿ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ, ಅಲ್ಲಿಂದ ಅಲಾಸ್ಕಾ ಕ್ರೂಸ್ ಮಾಡುವ ಅಪ್ಪ-ಅಮ್ಮಂದಿರು ಇದನ್ನು ಗಮನಿಸಿ. ಸಿಯಾಟಲ್‌ನಿಂದ ಹೊರಡುವ ಹಡಗು ಅಮೆರಿಕದಿಂದ ಅಮೆರಿಕಕ್ಕೇ ಹೋಗಿಬಂದರೂ ನಡುವೆ ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ನಿಲ್ಲುತ್ತದೆ. ಅದು ಸುಮ್ನೆ ಅಲ್ಲ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಸುತ್ತಿಕೊಂಡು ಬರಬೇಕಾದರೆ ನಡುವೆ ಒಂದಾದರೂ ಬೇರೆ ದೇಶದ ಬಂದರು ಮುಟ್ಟಲೇಬೇಕು ಅಂತ 1886ರ ಒಂದು ಕಾಯ್ದೆ ಇದೆ. ಅದರ ಬಿಸಿ ತಟ್ಟುವುದು ನಮ್ಮಂಥ ಪಾಸ್‌ಪೋರ್ಟ್‌ನವರಿಗೆ. ಅಮೆರಿಕದ ವೀಸಾ ಒಂದಿದ್ದರೆ ಸಾಲದು, ಕೆನಡಾದ್ದೂ ಬೇಕು. ಅದೂ ಮೊದಲೇ ಮಾಡಿಸಿಕೊಳ್ಳಬೇಕು. ಮೆಡಿಟರೇನಿಯನ್ ಕಡೆಗೆ ಹೋಗುವ ಹಡಗು ಟರ್ಕಿ ಮುಟ್ಟಿ ಮತ್ತೆ ಗ್ರೀಸ್‌ಗೆ ಬಂದರೂ ಇದೇ ಕಥೆ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗನ್ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು.

ಪಾಸ್‌ಪೋರ್ಟ್ ಅವಧಿ ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಇರಲಿ. ಅದನ್ನು ಮಾಡಿಸಲು ಬೆಂಗಳೂರಿಗೇ ಓಡಬೇಕಾಗಿದ್ದ ಕಾಲ ಹೋಯಿತು. ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು, 2017ರ ಜನವರಿಯಲ್ಲಿ.

ಹಡಗು ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಹಡಗು ಹೊರಡುವ ದಿನವೇ ಬಂದರು ಊರಿಗೆ ಇಳಿಯುವ ಪ್ಲಾನ್ ಬೇಡ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಚೆನ್ನೈನಿಂದ ಹಡಗು ಹತ್ತುವುದಾದರೆ ಮೈಸೂರಿನಿಂದ ವಂದೇ ಭಾರತ್ ಇದೆ, ಶತಾಬ್ದಿ ಇದೆ, ರಾತ್ರಿಗೆ ಕಾವೇರಿ ಎಕ್ಸ್‌ಪ್ರೆಸ್ ಇದೆ. ಮುಂಬೈ, ಸಿಂಗಪುರಕ್ಕೆ ವಿಮಾನವೇ ಸರಿ. ಮೈಸೂರಿನಿಂದ ಬೆಂಗಳೂರು ಏರ್‌ಪೋರ್ಟ್‌ಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ಹೋಗುತ್ತದೆ. ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸುವ ಕಷ್ಟ ಯಾಕೆ?

ಊಟ

ಹಡಗಿನಲ್ಲಿ ಊಟಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಜಾಗ ಇರುತ್ತದೆ. ಒಂದು ಬಫೆ. ಮೇಲಿನ ಡೆಕ್‌ನಲ್ಲಿ (ಹಡಗಿನ ಮಹಡಿಗೆ ಡೆಕ್ ಅನ್ನುತ್ತಾರೆ) ಇರುತ್ತದೆ, ಬೆಳಗ್ಗೆಯಿಂದ ರಾತ್ರಿಯವರೆಗೆ ಹೆಚ್ಚು ಹೊತ್ತು ತೆರೆದಿರುತ್ತದೆ, ತಟ್ಟೆ ಹಿಡಿದು ಬೇಕಾದ್ದು ಹಾಕಿಕೊಳ್ಳಬಹುದು. ಎರಡನೆಯದು ಮೇನ್ ಡೈನಿಂಗ್ ರೂಮ್. ಇಲ್ಲಿ ಕೂತಲ್ಲಿಗೇ ಬಡಿಸುತ್ತಾರೆ. ಇವೆರಡೂ ಟಿಕೆಟ್ ದುಡ್ಡಿನಲ್ಲೇ ಸೇರಿರುತ್ತವೆ. ಮೂರನೆಯದು ಸ್ಪೆಷಾಲಿಟಿ ರೆಸ್ಟೋರೆಂಟ್, ಅದಕ್ಕೆ ಬೇರೆ ದುಡ್ಡು. ಮೂರು ನಾಲ್ಕು ರಾತ್ರಿಯ ಪ್ರಯಾಣಕ್ಕೆ ಈ ಮೂರನೆಯದರ ತಂಟೆಗೆ ಹೋಗಬೇಡಿ ಅಂತಲೇ ನನ್ನ ಸಲಹೆ, ಮೊದಲೇ ದುಡ್ಡು ಕೊಟ್ಟಿರುವ ಊಟ ಮುಗಿಸುವಷ್ಟರಲ್ಲೇ ಹೊಟ್ಟೆ ಸೋತಿರುತ್ತದೆ.

ನಮ್ಮವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಡೈನಿಂಗ್ ರೂಮ್ ನೋಡಿ ಹೆದರಿ ಮೂರು ಹೊತ್ತೂ ಬಫೆಗೇ ಹೋಗುತ್ತಾರೆ. ಇದು ನಷ್ಟ. ಬೆಳಗ್ಗೆ, ಮಧ್ಯಾಹ್ನ ಬಫೆ ಚೆನ್ನ. ರಾತ್ರಿ ಮಾತ್ರ ಡೈನಿಂಗ್ ರೂಮ್‌ಗೇ ಹೋಗಿ. ನಿಮಗೆ ಖಾರ ಬೇಕಾ, ಈರುಳ್ಳಿ ಬೇಡವಾ, ಅದನ್ನೆಲ್ಲಾ ಕೇಳಿ ಅಡುಗೆಮನೆಗೆ ಹೇಳುವ ಮನುಷ್ಯ ಸಿಗುವುದು ಅಲ್ಲಿ. ಸೀಟಿಂಗ್ ಪದ್ಧತಿ ನಮ್ಮ ಛತ್ರದ ಪಂಕ್ತಿ ಇದ್ದ ಹಾಗೆ. ಮೊದಲ ಪಂಕ್ತಿ ಸಂಜೆ ಐದೂವರೆ-ಆರಕ್ಕೆ, ಎರಡನೆಯದು ಎಂಟರ ಹೊತ್ತಿಗೆ. ಸಂಜೆ ಆರಕ್ಕೆ ನಾವಿನ್ನೂ ಕಾಫಿ ಕುಡಿಯುವ ಹೊತ್ತು ಅಲ್ವಾ, ಹಾಗಾಗಿ ಬುಕ್ ಮಾಡುವಾಗಲೇ ಎರಡನೆಯದನ್ನು ಕೇಳಿ. ಚಿಕ್ಕ ಮಕ್ಕಳಿದ್ದರೆ, ಬೇಗ ಮಲಗುವ ಹಿರಿಯರಿದ್ದರೆ ಮಾತ್ರ ಮೊದಲನೆಯದು. ಬೇಕಾದ ಹೊತ್ತಿಗೆ ಹೋಗುವ ಇನ್ನೊಂದು ಪದ್ಧತಿಯೂ ಕೆಲವು ಹಡಗುಗಳಲ್ಲಿದೆ, ಅದರಲ್ಲಿ ದಿನಾ ಟೇಬಲ್ಲೂ ಬಡಿಸುವವರೂ ಬದಲಾಗಬಹುದು. ಸಸ್ಯಾಹಾರಿಗಳಿಗೆ ದಿನಾ ಒಂದೇ ಟೇಬಲ್, ಒಬ್ಬನೇ ವೇಟರ್ ಇರುವುದು ವಾಸಿ. ಮೊದಲ ರಾತ್ರಿ ಹೇಳಿದ್ದನ್ನು ಅವನು ಎರಡನೇ ರಾತ್ರಿಗೆ ನೆನಪಿಟ್ಟುಕೊಂಡಿರುತ್ತಾನೆ. ಎಷ್ಟೋ ಹಡಗುಗಳಲ್ಲಿ ಸಿಬ್ಬಂದಿಯಲ್ಲಿ ಗೋವಾ, ಮುಂಬೈ, ಕೇರಳದವರು ಇರುತ್ತಾರೆ, ಹಿಂದಿ ನಡೆಯುತ್ತದೆ.

ಟೇಬಲ್ ಮೇಲಿನ ಚಾಕು-ಫೋರ್ಕ್ ಸಾಲು ನೋಡಿ ಗಾಬರಿಯಾಗಬೇಡಿ. ಹೊರಗಡೆ ಇರುವುದನ್ನು ಮೊದಲು ಎತ್ತಿಕೊಳ್ಳಿ, ಪ್ರತಿ ಪದಾರ್ಥಕ್ಕೂ ಒಳಗಿನದಕ್ಕೆ ಸರಿಯುತ್ತಾ ಹೋಗಿ, ಅಷ್ಟೇ. ಎಡಗಡೆಯ ಚಿಕ್ಕ ತಟ್ಟೆ ಬ್ರೆಡ್‌ಗೆ, ಅದು ನಿಮ್ಮದು. ಬಲಗಡೆಯ ಲೋಟಗಳು ನಿಮ್ಮವು. ಬಟ್ಟೆಯ ನ್ಯಾಪ್ಕಿನ್ ತೊಡೆ ಮೇಲೆ. ನಡುವೆ ಎದ್ದು ಹೋಗಬೇಕಾದರೆ ಅದನ್ನು ಕುರ್ಚಿ ಮೇಲೆ ಇಡಿ, ವಾಪಸ್ ಬರುತ್ತಾರೆ ಅಂತ ಅವರಿಗೆ ಗೊತ್ತಾಗುತ್ತದೆ. ತಿಂದು ಮುಗಿದ ಮೇಲೆ ಚಾಕು, ಫೋರ್ಕ್ ಎರಡನ್ನೂ ತಟ್ಟೆಯಲ್ಲಿ ಜೋಡಿಸಿಡಿ. ಅಡ್ಡಾದಿಡ್ಡಿ ಇಟ್ಟರೆ ಇನ್ನೂ ತಿನ್ನುತ್ತಿದ್ದೀರಿ ಅಂತ ತಟ್ಟೆ ಎತ್ತದೆ ಕಾಯುತ್ತಾರೆ, ಊಟ ಲೇಟಾಗುತ್ತದೆ.

ರೊಟ್ಟಿ, ನಾನ್, ಅನ್ನ-ದಾಲ್ ಬಂದಾಗ ಕೈಯಲ್ಲಿ ತಿನ್ನಬಹುದಾ? ಧಾರಾಳವಾಗಿ ತಿನ್ನಿ. ಯಾರೂ ಏನೂ ಅನ್ನುವುದಿಲ್ಲ.

ಮೆನುವಿನಲ್ಲಿ ಸ್ಟಾರ್ಟರ್, ಮೇನ್, ಡೆಸರ್ಟ್ ಅಂತ ಮೂರು ಭಾಗ ಇರುತ್ತದೆ. ಒಬ್ಬರಿಗೆ ಒಂದೇ ಅನ್ನುವ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ಎರಡು ಸ್ಟಾರ್ಟರ್ ಕೇಳಬಹುದು, ಮೇನ್ ಬಿಟ್ಟು ಎರಡು ಡೆಸರ್ಟ್ ಕೇಳಬಹುದು. ಬೆಲೆ ಬರೆದಿರುವ ಪದಾರ್ಥಕ್ಕೆ ಮಾತ್ರ ದುಡ್ಡು, ಉಳಿದದ್ದಕ್ಕೆ ಇಲ್ಲ. ಒಂದೊಂದರ ಅಳತೆ ಚಿಕ್ಕದು. ಎಲ್ಲಾ ಮುಗಿಯಲು ಒಂದೂವರೆ ಗಂಟೆಯಾದರೂ ಬೇಕು, ಹತ್ತು ನಿಮಿಷದಲ್ಲಿ ಊಟ ಮುಗಿಸಿ ಏಳುವ ಅಭ್ಯಾಸದವರಿಗೆ ತಾಳ್ಮೆ ಪರೀಕ್ಷೆಯೇ.

ಸಸ್ಯಾಹಾರಿಗಳು ಇದನ್ನು ಓದಿ

ಬುಕಿಂಗ್ ಮಾಡುವಾಗಲೇ ಇಂಡಿಯನ್ ವೆಜಿಟೇರಿಯನ್ ಅಥವಾ ಜೈನ್ ಊಟ ಅಂತ ಬರೆಸಿ. ಬರೆಸಿದರೆ ಸಾಲದು. ಹಡಗು ಹತ್ತಿದ ಮೊದಲ ದಿನವೇ ಡೈನಿಂಗ್ ರೂಮ್‌ಗೆ ಹೋಗಿ ಹೆಡ್ ವೇಟರ್ ಯಾರು ಅಂತ ಕೇಳಿ ಇನ್ನೊಂದು ಸಲ ಹೇಳಿ. ಆಮೇಲೆ ಪ್ರತಿ ರಾತ್ರಿ ಏಳುವ ಮುಂಚೆ ನಾಳೆಗೆ ಏನು ಬೇಕು ಅಂತ ಹೇಳಿಬಿಟ್ಟರೆ, ಮೆನುವಿನಲ್ಲಿ ಇಲ್ಲದ ದಾಲ್, ಆಲೂಗೋಬಿ, ಪನೀರ್ ಪಲ್ಯ ಕೂಡ ಮಾಡಿಕೊಡುವುದುಂಟು. ಮುಂಬೈಯಿಂದ ಹೊರಡುವ ಕಾರ್ಡೇಲಿಯಾದ ಎಂಪ್ರೆಸ್ ಹಡಗಿನಲ್ಲಿ ಈ ಚಿಂತೆಯೇ ಇಲ್ಲ, ಅದು ಭಾರತೀಯರಿಗಾಗಿಯೇ ಓಡುವ ಹಡಗು, ಜೈನ ಊಟವೂ ಸಿಗುತ್ತದೆ. ಅಮ್ಮ-ಅಜ್ಜಿಯನ್ನು ಮೊದಲ ಸಲ ಕರೆದುಕೊಂಡು ಹೋಗುವವರು ಅದರಿಂದಲೇ ಶುರು ಮಾಡುವುದು ಒಳ್ಳೆಯದು.

ವಿದೇಶಿ ಹಡಗಿನಲ್ಲಿ ಕಣ್ಣಿಗೆ ಕಾಣುವ ಮಾಂಸಕ್ಕಿಂತ ಕಾಣದ್ದೇ ಜಾಸ್ತಿ ತೊಂದರೆ. ತರಕಾರಿ ಸೂಪ್ ಅಂತ ಬರೆದಿರುತ್ತದೆ, ಅದಕ್ಕೆ ಹಾಕಿದ ಸ್ಟಾಕ್, ಅಂದರೆ ಬೇಯಿಸಿ ತೆಗೆದ ರಸ, ಕೋಳಿಯದ್ದೋ ದನದ್ದೋ ಇರಬಹುದು. ಸೀಸರ್ ಸಲಾಡ್ ಬರೀ ಸೊಪ್ಪು ಅನ್ನಿಸುತ್ತದೆ, ಅದರ ಡ್ರೆಸ್ಸಿಂಗ್‌ನಲ್ಲಿ ಆಂಚೋವಿ ಅನ್ನುವ ಮೀನು ಇರುತ್ತದೆ. ಥಾಯ್, ಚೈನೀಸ್ ಪಲ್ಯಗಳಿಗೆ ಫಿಶ್ ಸಾಸ್, ಆಯ್ಸ್ಟರ್ ಸಾಸ್ ಬೀಳುತ್ತದೆ. ಜೆಲ್ಲಿ, ಮೂಸ್, ಪನ್ನಾಕೋಟಾ ಥರದ ನಡುಗುವ ಸಿಹಿತಿಂಡಿಗಳಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿ ಮೂಳೆ-ಚರ್ಮದಿಂದ ಮಾಡಿದ್ದು. ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ಮೊಟ್ಟೆಯಂತೂ ಕೇಕ್, ಪೇಸ್ಟ್ರಿ ಎಲ್ಲದರಲ್ಲೂ. ಹೀಗಾಗಿ ಬರೀ ವೆಜಿಟೇರಿಯನ್ ಅನ್ನುವುದರ ಬದಲು ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಹಾಲು-ಮೊಸರು ಆಗುತ್ತದೆ ಅಂತ ಬಿಡಿಸಿ ಹೇಳಿ. ಫೋನ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಟ್ಟುಕೊಂಡು ತೋರಿಸಿದರೆ ಇನ್ನೂ ಸಲೀಸು.

ಯಾವುದೂ ಹಿಡಿಸದ ದಿನಕ್ಕೆ ಮೊಸರನ್ನ ಇದ್ದೇ ಇದೆ. ಬೆಳಗ್ಗೆ ಬಫೆಯಲ್ಲಿ ಹಣ್ಣು ಹಾಕಿದ ಸಿಹಿ ಯೋಗರ್ಟ್ ಪಕ್ಕ ಪ್ಲೇನ್ ಯೋಗರ್ಟ್ ಇಟ್ಟಿರುತ್ತಾರೆ. ಮಧ್ಯಾಹ್ನ ಅಥವಾ ರಾತ್ರಿ ಅದು ಎದುರಿಗೆ ಕಾಣದಿದ್ದರೆ ಕೇಳಿ, ಒಳಗಿನಿಂದ ತಂದುಕೊಡುತ್ತಾರೆ. ಬಿಸಿ ಅನ್ನಕ್ಕೆ ಎರಡು ಚಮಚ ಹಾಲು ಬೆರೆಸಿ ಚಮಚದ ಹಿಂಬದಿಯಿಂದ ಚೆನ್ನಾಗಿ ಹಿಸುಕಿ, ಆಮೇಲೆ ಮೊಸರು, ಉಪ್ಪು. ಸಲಾಡ್ ಕೌಂಟರ್‌ನಿಂದ ಸೌತೆಕಾಯಿ, ಕ್ಯಾರೆಟ್ ತುರಿ ಎತ್ತಿಕೊಳ್ಳಿ. ಅವರ ಯೋಗರ್ಟ್ ನಮ್ಮ ಮೊಸರಿನಷ್ಟು ಹುಳಿ ಇರುವುದಿಲ್ಲ, ಗಟ್ಟಿ ಜಾಸ್ತಿ, ಅದಕ್ಕೇ ಹಾಲು. ಒಂದೆರಡು ಹನಿ ನಿಂಬೆರಸ ಹಿಂಡಿದರೆ ಹುಳಿಯೂ ಬರುತ್ತದೆ. ಕೈಚೀಲದಲ್ಲಿ ಒಂದು ಪುಟ್ಟ ಉಪ್ಪಿನಕಾಯಿ ಪ್ಯಾಕೆಟ್ ಇದ್ದರೆ ಆ ದಿನ ಗೆದ್ದಿರಿ.

ಇನ್ನು ಬಾಡೂಟದ ಮಂಡ್ಯದವರಿಗೆ. ಮುದ್ದೆ ಸಿಗುವುದಿಲ್ಲ, ಬೋಟಿ ಸಿಗುವುದಿಲ್ಲ, ಮರೆತುಬಿಡಿ. ಕುರಿಮಾಂಸ ಲ್ಯಾಂಬ್ ಅಂತ ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಮಾಂಸ ಎಷ್ಟು ಬೇಯಬೇಕು ಅಂತ ಕೇಳಿದಾಗ ವೆಲ್ ಡನ್ ಅನ್ನಿ. ಮೀಡಿಯಮ್ ಅಂದರೆ ಒಳಗೆ ಕೆಂಪಗೆ ಇರುತ್ತದೆ, ನಮ್ಮ ಬಾಯಿಗೆ ಅದು ಹಸಿ. ದನ, ಹಂದಿ ತಿನ್ನದವರು ಪೆಪ್ಪರೋನಿ, ಬೇಕನ್, ಬೊಲೊನೀಸ್ ಅನ್ನುವ ಹೆಸರು ಕಂಡರೆ ಕೇಳಿಯೇ ಹಾಕಿಸಿಕೊಳ್ಳಿ. ಖಾರಕ್ಕೆ ಟಬಾಸ್ಕೊ ಸಾಸ್ ಕೇಳಿದರೆ ಕೊಡುತ್ತಾರೆ. ಅದು ಖಾರ ಅಲ್ಲ, ಬರೀ ಹುಳಿ, ಆದರೂ ಇಲ್ಲದ್ದಕ್ಕಿಂತ ವಾಸಿ.

ಮನೆಯಿಂದ ಏನು ಒಯ್ಯಬಹುದು? ಬಹಳಷ್ಟು ಹಡಗುಗಳು ಮನೆಯಲ್ಲಿ ಮಾಡಿದ ಅಡುಗೆಯನ್ನು ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ, ಕೆಡದ ತಿಂಡಿಗಳಿಗೆ ಅಡ್ಡಿ ಇಲ್ಲ. ಹಾಗಾಗಿ ಅಮ್ಮ ಮಾಡಿದ ಚಕ್ಕುಲಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬುವ ಬದಲು ಪ್ಯಾಕೆಟ್ ಕೋಡುಬಳೆ, ಚಟ್ನಿಪುಡಿ, ಮೈಸೂರು ಪಾಕ್ ತೆಗೆದುಕೊಳ್ಳಿ. ಒಣ ಕೊಬ್ಬರಿ ಮಾತ್ರ ಬೇಡವೇ ಬೇಡ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ತಾನಾಗಿಯೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು ಅಂತ ಅದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ದುಬೈನಿಂದ ಹಡಗು ಹತ್ತುವವರು ಗಸಗಸೆ ಮುಟ್ಟಲೇಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಸಿಂಗಪುರಕ್ಕೆ ಚ್ಯೂಯಿಂಗ್ ಗಮ್ ಬೇಡ, ಗುಟ್ಕಾ, ಹೊಗೆಸೊಪ್ಪು ಬೇಡ. ಎಲೆಅಡಿಕೆ ಜೊತೆ ಹೊಗೆಸೊಪ್ಪಿನ ಅಭ್ಯಾಸವಿರುವ ಹಿರಿಯರಿಗೆ ಇದನ್ನು ಮೊದಲೇ ಮುಖಕ್ಕೆ ಹೇಳಿಬಿಡಿ.

ಕಾಫಿ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಬಫೆಯ ಬಿಟ್ಟಿ ಕಾಫಿ ತೆಳ್ಳಗಿರುತ್ತದೆ, ಒಳ್ಳೆಯ ಕಾಫಿಗೆ ಬೇರೆ ದುಡ್ಡು. ಇನ್‌ಸ್ಟೆಂಟ್ ಕಾಫಿಪುಡಿ ಸ್ಯಾಷೆ ಒಯ್ದು ಬಫೆಯ ಬಿಸಿನೀರು, ಹಾಲಿಗೆ ಬೆರೆಸಿಕೊಳ್ಳುವುದೇ ದಾರಿ.

ಬಟ್ಟೆ

ಹಗಲು ಹೊತ್ತು ಏನು ಬೇಕಾದರೂ ಹಾಕಿ. ಟೀ ಶರ್ಟ್, ಬರ್ಮುಡಾ, ಚೂಡಿದಾರ್, ನೈಟ್ ಪ್ಯಾಂಟ್ ಬಿಟ್ಟು ಮತ್ತೆಲ್ಲಾ. ಈಜುಕೊಳದಿಂದ ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ ಊಟದ ಜಾಗಕ್ಕೆ ಹೋಗಬೇಡಿ, ಅಷ್ಟೇ. ಈಜುಕೊಳಕ್ಕೆ ಸೀರೆ, ಚೂಡಿದಾರ್‌ನಲ್ಲಿ ಇಳಿಯಲು ಬಿಡುವುದಿಲ್ಲ, ನೈಲಾನ್ ಈಜುಡುಗೆ ಬೇಕು. ಮೊಣಕಾಲು, ತೋಳು ಮುಚ್ಚುವಂಥವು ಸಿಗುತ್ತವೆ, ಊರಲ್ಲೇ ಕೊಂಡುಕೊಳ್ಳಿ.

ರಾತ್ರಿ ಡೈನಿಂಗ್ ರೂಮ್‌ಗೆ ಹೆಚ್ಚಿನ ದಿನ ಸ್ಮಾರ್ಟ್ ಕ್ಯಾಶುಯಲ್. ಹಾಗಂದರೆ ಗಂಡಸರಿಗೆ ಪ್ಯಾಂಟು, ಕಾಲರ್ ಇರುವ ಶರ್ಟು, ಮುಚ್ಚಿದ ಚಪ್ಪಲಿಯೋ ಶೂವೋ. ಹೆಂಗಸರಿಗೆ ಕಾಟನ್ ಸೀರೆ, ಕುರ್ತಾ ಎಲ್ಲಾ ನಡೆಯುತ್ತದೆ. ಏಳು ರಾತ್ರಿಯ ಪ್ರಯಾಣದಲ್ಲಿ ಒಂದೆರಡು ರಾತ್ರಿ ಫಾರ್ಮಲ್ ಅಂತ ಇಟ್ಟಿರುತ್ತಾರೆ. ಯಾವ ದಿನ ಅಂತ ಕಂಪನಿಯ ಆ್ಯಪ್‌ನಲ್ಲಿ, ಕ್ಯಾಬಿನ್‌ಗೆ (ನಿಮ್ಮ ಕೋಣೆಗೆ) ಬರುವ ಹಡಗಿನ ದಿನದ ಪತ್ರಿಕೆಯಲ್ಲಿ ಹಾಕಿರುತ್ತಾರೆ. ಕಟ್ಟುನಿಟ್ಟು ಕಂಪನಿಯಿಂದ ಕಂಪನಿಗೆ ಬೇರೆ. ನಾರ್ವೇಜಿಯನ್‌ನಲ್ಲಿ ಫಾರ್ಮಲ್ ಹಾಕಲೇಬೇಕು ಅಂತಿಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಇದೆ, ಆದರೆ ಸಡಿಲ. ಬ್ರಿಟಿಷರ ಕ್ಯೂನಾರ್ಡ್ ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ, ಗಾಲಾ ರಾತ್ರಿಗಳಲ್ಲಿ ಸಂಜೆ ಆರರ ನಂತರ ಸೂಟು-ಟೈ ಇಲ್ಲದವರು ಮುಖ್ಯ ರೆಸ್ಟೋರೆಂಟ್‌ಗಳ ಕಡೆ ಹೋಗುವಂತಿಲ್ಲ, ಅವರಿಗೆ ಬಫೆ ಮತ್ತು ಬೇರೆ ಕೆಲವು ಜಾಗ ಬಿಟ್ಟಿರುತ್ತಾರೆ.

ಇದಕ್ಕಾಗಿ ಹೊಸ ಕೋಟು ಹೊಲಿಸಬೇಡಿ. ಮದುವೆ ರಿಸೆಪ್ಷನ್‌ಗೆ ನೀವು ಏನು ಹಾಕುತ್ತೀರೋ ಅದು ಸಾಕು. ನಮ್ಮ ದೇಶದ ಉಡುಪನ್ನು ಎಲ್ಲಾ ಕಡೆಯೂ ಫಾರ್ಮಲ್ ಅಂತಲೇ ಒಪ್ಪುತ್ತಾರೆ, ಕ್ಯೂನಾರ್ಡ್ ಕೂಡ. ಬಂದ್ ಗಲಾ, ನೆಹರು ಜಾಕೆಟ್, ರೇಷ್ಮೆ ಕುರ್ತಾ ಸರಿ. ಜರಿ ಪಂಚೆ, ರೇಷ್ಮೆ ಶರ್ಟ್, ಶಲ್ಯ ಕೂಡ ಸರಿ. ಆದರೆ ಹಡಗು ಸ್ವಲ್ಪ ಅಲ್ಲಾಡುವಾಗ, ಮೆಟ್ಟಿಲಿನಲ್ಲಿ ಪಂಚೆ ತುದಿ ಕಾಲಿಗೆ ಸಿಕ್ಕುವುದುಂಟು. ವೆಲ್‌ಕ್ರೋ ಪಂಚೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೈಸೂರು ಪೇಟ ಸುತ್ತಿಕೊಂಡು ಹೋದರೆ ಫೋಟೋಗೆ ಸಾಲು ನಿಲ್ಲುತ್ತಾರೆ, ಅದು ನಿಮ್ಮಿಷ್ಟ.

ಹೆಂಗಸರಿಗೆ ನಾನು ಹೇಳುವುದು ಒಂದೇ. ಕಾಂಜೀವರಂ ಮನೆಯಲ್ಲಿ ಬಿಡಿ, ಮೈಸೂರು ಸಿಲ್ಕ್ ತೆಗೆದುಕೊಳ್ಳಿ. ಅಭಿಮಾನದ ಮಾತಲ್ಲ ಇದು, ಇಸ್ತ್ರಿ ಮಾತು. ಬೆಂಕಿಯ ಭಯಕ್ಕೆ ಹಡಗಿನ ಕ್ಯಾಬಿನ್‌ಗೆ ಇಸ್ತ್ರಿ ಪೆಟ್ಟಿಗೆ ತರಲು ಬಿಡುವುದಿಲ್ಲ, ಬ್ಯಾಗ್ ಸ್ಕ್ಯಾನ್‌ನಲ್ಲಿ ಸಿಕ್ಕರೆ ಎತ್ತಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಬಟ್ಟೆ ಇಸ್ತ್ರಿಗೆ ಕೊಟ್ಟರೆ ಒಂದೊಂದಕ್ಕೂ ಡಾಲರ್ ಲೆಕ್ಕ. ದಪ್ಪ ಜರಿಯ ಸೀರೆ ಸೂಟ್‌ಕೇಸ್‌ನಿಂದ ತೆಗೆದಾಗ ಮಡಿಕೆ ಗೆರೆ ಎದ್ದು ಕಾಣುತ್ತದೆ. ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ 1912ರಿಂದ ನೇಯುತ್ತಿರುವ ನಮ್ಮ ಕ್ರೇಪ್ ಸಿಲ್ಕ್ ಹಾಗಲ್ಲ. ಅದರ ನೂಲನ್ನು ಚೆನ್ನಾಗಿ ಹುರಿ ಮಾಡಿರುತ್ತಾರೆ, ಹಾಗಾಗಿ ಬಟ್ಟೆ ಜೋಲುತ್ತದೆ, ಮುದುಡುವುದು ಕಡಿಮೆ. ಮಡಚುವ ಬದಲು ತೆಳ್ಳನೆ ಕಾಟನ್ ಬಟ್ಟೆಯೊಂದಿಗೆ ಸುರುಳಿ ಸುತ್ತಿ ಇಡಿ. ಹಡಗು ಹತ್ತಿದ ದಿನವೇ ಹ್ಯಾಂಗರ್‌ಗೆ ಹಾಕಿ, ಯಾರಾದರೂ ಬಿಸಿನೀರು ಸ್ನಾನ ಮಾಡಿದ ಮೇಲೆ ಆ ಹಬೆಯಲ್ಲಿ, ನೀರು ತಾಗದ ಕಡೆ ಹತ್ತು ನಿಮಿಷ ತೂಗುಹಾಕಿದರೆ ಉಳಿದ ಸುಕ್ಕೂ ಬಿಡುತ್ತದೆ. ಸೀರೆ ಉಡಲು ಕ್ಯಾಬಿನ್ ಕಿರಿದು, ಇಬ್ಬರು ಒಟ್ಟಿಗೆ ನೆರಿಗೆ ಹಿಡಿಯಲು ಜಾಗ ಸಾಲದು, ಒಬ್ಬರಾದ ಮೇಲೆ ಒಬ್ಬರು ಉಡಿ. ಪಿನ್ನು ಜಾಸ್ತಿ ಇಟ್ಟುಕೊಳ್ಳಿ, ಡೆಕ್ ಮೇಲೆ ಗಾಳಿ ಸೆರಗು ಬಿಡುವುದಿಲ್ಲ.

ಊಟದ ಹಾಲ್‌ನಲ್ಲಿ ಎಸಿ ಚಳಿ. ಒಂದು ಶಾಲು ಯಾವಾಗಲೂ ಕೈಯಲ್ಲಿರಲಿ. ಅಲಾಸ್ಕಾಗೆ ಹೋಗುವವರು ಬೇಸಿಗೆಯಲ್ಲೂ ಸ್ವೆಟರ್, ಮೇಲೊಂದು ನೀರು ಹಿಡಿಯದ ಜಾಕೆಟ್, ಮಂಕಿ ಕ್ಯಾಪ್ ಒಯ್ಯಿರಿ. ಹಿಮನದಿ ನೋಡಲು ಡೆಕ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವಾಗ ಮಂಕಿ ಕ್ಯಾಪ್ ನೋಡಿ ನಗುವ ಮೊಮ್ಮಕ್ಕಳೇ ಆಮೇಲೆ ಅದನ್ನು ಕೇಳುತ್ತಾರೆ. ಕೆರಿಬಿಯನ್ ಕಡೆಗೆ ಹೋಗುವವರು ಮಿಲಿಟರಿ ಚುಕ್ಕೆ ಬಟ್ಟೆ ಬಿಟ್ಟು ಹೋಗಿ. ಬಾರ್ಬಡೋಸ್, ಜಮೈಕಾ ಥರದ ದೇಶಗಳಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಸೇರಿ.

ಕ್ಯಾಬಿನ್ ಒಳಗೆ

ಬಾತ್‌ರೂಮ್ ಬಗ್ಗೆ ನಾಚಿಕೆ ಬಿಟ್ಟು ಹೇಳುತ್ತೇನೆ. ವಿದೇಶಿ ಹಡಗುಗಳಲ್ಲಿ ಸಾಮಾನ್ಯವಾಗಿ ಪೇಪರ್ ಮಾತ್ರ, ಜೆಟ್ ಸ್ಪ್ರೇ ಇಲ್ಲ. ಒಂದು ಚಿಕ್ಕ ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸ್‌ಗೆ ಹಾಕಿಕೊಳ್ಳಿ, ಇದರಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಕಮೋಡ್ ವ್ಯಾಕ್ಯೂಮ್‌ನಲ್ಲಿ ಎಳೆದುಕೊಳ್ಳುತ್ತದೆ, ವಿಮಾನದ್ದರ ಥರ ಜೋರು ಸದ್ದು. ಅದಕ್ಕೆ ಒದ್ದೆ ವೈಪ್ಸ್, ಪ್ಯಾಡ್, ಉಳಿದ ಊಟ ಏನೂ ಹಾಕಬೇಡಿ, ಕಟ್ಟಿಕೊಂಡರೆ ನಿಮ್ಮೊಬ್ಬರದ್ದಲ್ಲ, ಅಕ್ಕಪಕ್ಕದ ಕ್ಯಾಬಿನ್‌ಗಳದ್ದೂ ನಿಂತುಹೋಗಬಹುದು.

ಇಸ್ತ್ರಿ ಪೆಟ್ಟಿಗೆಯ ಜೊತೆ ಕೆಟಲ್, ರೈಸ್ ಕುಕ್ಕರ್, ಇಮ್ಮರ್ಶನ್ ಕಾಯಿಲ್, ಎಕ್ಸ್‌ಟೆನ್ಷನ್ ಬೋರ್ಡ್, ಮೇಣದಬತ್ತಿ, ಊದುಬತ್ತಿ ಕೂಡ ನಿಷೇಧದ ಪಟ್ಟಿಗೆ ಸೇರುತ್ತವೆ. ದೇವರ ದೀಪ ಹಚ್ಚುವ ಅಭ್ಯಾಸ ಇರುವವರು ಬ್ಯಾಟರಿಯ ಪುಟ್ಟ ದೀಪ ಇಟ್ಟುಕೊಳ್ಳಿ. ಪ್ಲಗ್ ಪಾಯಿಂಟ್ ಕಡಿಮೆ, ಅವೂ ಅಮೆರಿಕ ಅಥವಾ ಯುರೋಪ್ ಮಾದರಿಯವು, ಅಡಾಪ್ಟರ್ ಬೇಕು. ಕ್ಯಾಬಿನ್ ಗೋಡೆಗಳು ಲೋಹದವು. ಹಾಗಾಗಿ ನಾಲ್ಕಾರು ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಟೋಪಿ, ಒದ್ದೆ ಟವೆಲ್, ಬ್ಯಾಗ್ ಎಲ್ಲಾ ಗೋಡೆಗೇ ತೂಗುಹಾಕಬಹುದು.

ಮೊದಲ ದಿನ

ಟರ್ಮಿನಲ್‌ನಲ್ಲಿ ದೊಡ್ಡ ಸೂಟ್‌ಕೇಸ್ ಅವರ ಕೈಗೆ ಕೊಡುತ್ತೀರಿ. ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ. ಪಾಸ್‌ಪೋರ್ಟ್, ಬಿಪಿ-ಶುಗರ್ ಮಾತ್ರೆ, ಡಾಕ್ಟರ್ ಚೀಟಿ, ಒಂದು ಜೊತೆ ಬಟ್ಟೆ, ಚಿನ್ನ, ಇವು ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಇದ್ದರೆ ಕ್ಯಾಬಿನ್‌ನ ಚಿಕ್ಕ ಫ್ರಿಜ್ ಸಾಲದು ಅನ್ನಿಸಿದರೆ ಸಿಬ್ಬಂದಿಗೆ ಹೇಳಿ, ವ್ಯವಸ್ಥೆ ಮಾಡುತ್ತಾರೆ.

ಹಡಗು ಹೊರಡುವ ಮುಂಚೆ ಸುರಕ್ಷತೆಯ ಡ್ರಿಲ್ ಇರುತ್ತದೆ. ನಿಮ್ಮ ಗುಂಪು ಸೇರಬೇಕಾದ ಜಾಗ ಎಲ್ಲಿದೆ, ಲೈಫ್ ಜಾಕೆಟ್ ಹೇಗೆ ಹಾಕುವುದು ಅಂತ ತೋರಿಸುತ್ತಾರೆ. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಅಪಾಯದ ಸೂಚನೆ. ಹೊಟ್ಟೆ ಹಸಿದಿದೆ ಅಂತ ಇದನ್ನು ತಪ್ಪಿಸಿಕೊಳ್ಳಲು ನೋಡಬೇಡಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಆ ದಿನವಷ್ಟೇ ಹತ್ತಿದ್ದ ಎಷ್ಟೋ ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಡ್ರಿಲ್ ಮಾಡಿಸಲೇಬೇಕು ಅಂತ ನಿಯಮ ಬಿಗಿಯಾದದ್ದು ಅದಾದ ಮೇಲೆ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಡಗಿನ ವೈಫೈ ಮಾತ್ರ ಆನ್ ಮಾಡಿ. ನಡುನೀರಿನಲ್ಲಿ ಸಿಗ್ನಲ್ ಬರುವುದು ಸ್ಯಾಟಲೈಟ್ ಮೂಲಕ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸೇರಿರುವುದಿಲ್ಲ, ಜೇಬಿನಲ್ಲಿ ಸುಮ್ನೆ ಇಟ್ಟುಕೊಂಡ ಫೋನ್ ಕೂಡ ಬಿಲ್ ಏರಿಸುತ್ತದೆ.

ದುಡ್ಡು

ಹಡಗಿನೊಳಗೆ ನೋಟು ಓಡುವುದಿಲ್ಲ. ಕ್ಯಾಬಿನ್ ಬೀಗದ ಕಾರ್ಡೇ ಎಲ್ಲದಕ್ಕೂ, ಅದಕ್ಕೆ ನಿಮ್ಮ ಕ್ರೆಡಿಟ್ ಕಾರ್ಡ್ ಸೇರಿಸಿರುತ್ತಾರೆ. ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿದ್ದೀರಾ ಅಂತ ಊರಲ್ಲೇ ನೋಡಿಕೊಳ್ಳಿ.

ಟಿಕೆಟ್‌ಗೆ ಸೇರದ ದೊಡ್ಡ ಖರ್ಚು ಗ್ರಾಟ್ಯುಟಿ, ಅಂದರೆ ಸಿಬ್ಬಂದಿಗೆ ಕೊಡುವ ಟಿಪ್ಸ್. ಅಮೆರಿಕದ ಕಂಪನಿಗಳು ಸಾಮಾನ್ಯ ಕ್ಯಾಬಿನ್‌ಗೆ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು ಹಿಡಿಯುತ್ತವೆ, ಮಕ್ಕಳಿಗೂ ಸೇರಿಸಿ. ನಾಲ್ಕು ಜನರ ಸಂಸಾರಕ್ಕೆ ಏಳು ರಾತ್ರಿಗೆ ಲೆಕ್ಕ ಹಾಕಿ ನೋಡಿ, ಸುಮಾರು 450ರಿಂದ 560 ಡಾಲರ್ ಆಗುತ್ತದೆ. ಬುಕ್ ಮಾಡುವಾಗ ಇದು ಸೇರಿದೆಯಾ ಇಲ್ಲವಾ ಅಂತ ಏಜೆಂಟ್‌ನ ಬಾಯಿಂದ ಹೇಳಿಸಿ. ಒಬ್ಬ ಏಜೆಂಟ್ ನಮಗೆ ಎಲ್ಲಾ ಸೇರಿದೆ ಅಂದಿದ್ದ, ಸೇರಿರಲಿಲ್ಲ. ಅದಕ್ಕೇ ಬಾಯಿಮಾತು ಸಾಲದು, ಬರಹದಲ್ಲಿ ತೆಗೆದುಕೊಳ್ಳಿ. ವಿದೇಶ ಪ್ಯಾಕೇಜ್‌ಗೆ ಇಲ್ಲೇ ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತಾರೆ, ಆ ದುಡ್ಡನ್ನು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ.

ನೀರು, ಚಹಾ, ಬೆಳಗಿನ ಜ್ಯೂಸ್ ಸಾಮಾನ್ಯವಾಗಿ ಬಿಟ್ಟಿ. ಕೋಲಾ, ಬಿಯರ್‌ಗೆ ದುಡ್ಡು, ಅದರ ಮೇಲೆ ಹೆಚ್ಚಿನ ಕಡೆ 18ರಿಂದ 20 ಪರ್ಸೆಂಟ್ ಸೇವಾ ಶುಲ್ಕ. ಡ್ರಿಂಕ್ಸ್ ಪ್ಯಾಕೇಜ್ ತೆಗೆದುಕೊಳ್ಳುವ ಮುಂಚೆ ಯೋಚಿಸಿ. ಕೆಲವು ಕಂಪನಿಗಳಲ್ಲಿ ಕ್ಯಾಬಿನ್‌ನ ಒಬ್ಬರು ತೆಗೆದುಕೊಂಡರೆ ಉಳಿದ ದೊಡ್ಡವರೂ ತೆಗೆದುಕೊಳ್ಳಬೇಕು. ಯಜಮಾನರು ಕುಡಿಯುವುದಕ್ಕೆ ಯಜಮಾನಿಯೂ ದುಡ್ಡು ಕಟ್ಟಬೇಕು!

ತಲೆಸುತ್ತು, ಹೊಟ್ಟೆ

ಹಡಗು ಅಲ್ಲಾಡುವುದು ಅಷ್ಟಾಗಿ ಗೊತ್ತಾಗದ ಜಾಗ ಅಂದರೆ ನಡುಭಾಗ, ಕೆಳಗಿನ ಡೆಕ್. ತಲೆಸುತ್ತು ಬರುವವರು ಕ್ಯಾಬಿನ್ ಅಲ್ಲೇ ಕೇಳಿ, ಅದು ಅಗ್ಗವೂ ಹೌದು. ಘಾಟಿ ಬಸ್‌ನಲ್ಲಿ ವಾಂತಿ ಮಾಡುವವರು ತಮ್ಮ ಡಾಕ್ಟರ್‌ನ ಕೇಳಿ ಮಾತ್ರೆ ಇಟ್ಟುಕೊಳ್ಳಿ. ಅಲ್ಲಾಟ ಶುರುವಾದ ಮೇಲಲ್ಲ, ಮುಂಚೆಯೇ ನುಂಗಬೇಕು. ಶುಂಠಿ, ಹಸಿರು ಸೇಬು ತಿನ್ನಿ, ದೂರದ ದಿಗಂತ ನೋಡಿ, ಫೋನ್ ನೋಡಬೇಡಿ.

ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ವಾಂತಿ-ಭೇದಿ ಹರಡುವ ನೊರೋವೈರಸ್‌ಗೆ ಬರೀ ಸ್ಯಾನಿಟೈಸರ್ ಸಾಲದು. ಹಡಗಿನ ಆಸ್ಪತ್ರೆ ತುಂಬಾ ದುಬಾರಿ, ಊರಿನ ಮಾಮೂಲಿ ಮೆಡಿಕ್ಲೈಮ್ ಅಲ್ಲಿ ನಡೆಯುವುದಿಲ್ಲ. ಕ್ರೂಸ್ ಸೇರಿಸಿರುವ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ.

ಬಂದರಿನಲ್ಲಿ, ಕೊನೆಗೆ ಇಳಿಯುವಾಗ

ಬಂದರಿನಲ್ಲಿ ಇಳಿಯುವ ಮುಂಚೆ ವಾಪಸ್ ಹತ್ತುವ ಕೊನೆಯ ಹೊತ್ತಿನ ಫೋಟೋ ತೆಗೆದುಕೊಳ್ಳಿ. ಅದು ಹಡಗಿನ ಗಡಿಯಾರದ ಲೆಕ್ಕ. ಫೋನ್ ಆ ಬಂದರು ಊರಿನ ಸಮಯಕ್ಕೆ ಬದಲಾಗಿ ಒಂದು ಗಂಟೆ ಹಿಂದೆಮುಂದೆ ತೋರಿಸಬಹುದು, ಹಡಗಿನ ಸಮಯಕ್ಕೆ ಇಟ್ಟ ಕೈಗಡಿಯಾರ ಕಟ್ಟಿಕೊಂಡಿದ್ದರೆ ಗೊಂದಲವಿಲ್ಲ. ಬಫೆಯ ಸೇಬು, ಬಾಳೆಹಣ್ಣು ಬ್ಯಾಗ್‌ಗೆ ಹಾಕಿಕೊಂಡು ಇಳಿಯಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಒಂದು ಹಣ್ಣಿಗೂ ದಂಡ ಹಾಕುತ್ತಾರೆ. ಕೆಲವು ಕಡೆ ಹಡಗು ದಡಕ್ಕೆ ಬರುವುದಿಲ್ಲ, ಚಿಕ್ಕ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಮಂಡಿ ನೋವಿನ ಹಿರಿಯರಿಗೆ ಆ ದೋಣಿಗೆ ಕಾಲಿಡುವುದು ಕಷ್ಟ, ಅಂಥ ಬಂದರು ಎಷ್ಟಿವೆ ಅಂತ ಬುಕ್ ಮಾಡುವಾಗಲೇ ನೋಡಿ.

ಕೊನೆಯ ರಾತ್ರಿ ಸೂಟ್‌ಕೇಸ್‌ಗಳನ್ನು ಟ್ಯಾಗ್ ಕಟ್ಟಿ ಬಾಗಿಲ ಹೊರಗೆ ಇಡಬೇಕು. ಬೆಳಗ್ಗೆ ಅವು ಟರ್ಮಿನಲ್‌ನಲ್ಲೇ ಸಿಗುವುದು. ಮರುದಿನ ಹಾಕುವ ಬಟ್ಟೆ, ಚಪ್ಪಲಿ, ಹಲ್ಲಿನ ಸೆಟ್ಟು, ಮಾತ್ರೆ ಹೊರಗೆ ಎತ್ತಿಟ್ಟುಕೊಂಡು ಆಮೇಲೆ ಬೀಗ ಹಾಕಿ. ಅದೇ ರಾತ್ರಿ ಟಿವಿಯಲ್ಲೋ ಆ್ಯಪ್‌ನಲ್ಲೋ ಬಿಲ್ ತೆಗೆದು ಒಂದೊಂದು ಸಾಲೂ ಓದಿ, ಮಿನಿ ಬಾರ್‌ನಲ್ಲಿ ಮುಟ್ಟದ ಕೋಲಾ ಬಿಲ್‌ಗೆ ಸೇರಿರುವುದುಂಟು. ತಪ್ಪಿದ್ದರೆ ರಾತ್ರಿಯೇ ಗೆಸ್ಟ್ ಸರ್ವಿಸಸ್ ಕೌಂಟರ್‌ಗೆ ಹೋಗಿ ಸರಿ ಮಾಡಿಸಿ. ಬೆಳಗ್ಗೆ ಅಲ್ಲಿ ಕ್ಯೂ ಉದ್ದ ಇರುತ್ತದೆ, ಇತ್ತ ಇಳಿಯಿರಿ ಇಳಿಯಿರಿ ಅಂತ ಮೈಕ್‌ನಲ್ಲಿ ಕೂಗುತ್ತಿರುತ್ತಾರೆ.